ಗೇಟಿಗೆ ಫ್ಲಡ್‌ಲೈಟು, ಕೆಲಸದ ಶೆಡ್ಡಿಗೆ ಒಂದು ಬಲ್ಬು

ಈ ಸಲದ ಟಿಪ್ಪಣಿ ಉದ್ದ ಇದೆ, ಸ್ವಲ್ಪ ಖಾರವೂ ಇದೆ. ಅಡಿಕೆ ರೇಟು, ಕೊಳೆರೋಗ, ಮಂಗನ ಕಾಟ ಇವುಗಳ ಬಗ್ಗೆ ನಾವು ದಿನಾ ಮಾತಾಡ್ತೀವಿ. ಇವತ್ತು ಯಾರೂ ಮಾತಾಡದ ಒಂದು ವಿಷಯ: ನಮ್ಮ ಮನೆ ಪಕ್ಕದ ರಿಪೇರಿ ಶೆಡ್ಡಿನ ಬೆಳಕು.

ನಮ್ಮ ಸೀಮೆಯ ಯಾವ ತೋಟದ ಮನೆಗೆ ಬೇಕಾದರೂ ಹೋಗಿ ನೋಡಿ. ಗೇಟಿನ ಕಂಬಕ್ಕೆ 50 ವ್ಯಾಟಿನ ಫ್ಲಡ್‌ಲೈಟು, ಸಂಜೆ ಆರಕ್ಕೆ ಹತ್ತಿದರೆ ಬೆಳಿಗ್ಗೆ ಆರರ ತನಕ. ಜಗಲಿಯ ಸೀಲಿಂಗಿಗೆ ಸಾಲು ದೀಪ. ಟಿವಿ ಹಿಂದೆ ನೀಲಿ ಪಟ್ಟಿ ದೀಪ. ಆಮೇಲೆ ಹಿತ್ತಲ ಕಡೆ ಬನ್ನಿ. ಕೊಟ್ಟಿಗೆ ಪಕ್ಕದ ತಗಡಿನ ಶೆಡ್ಡು, ಅದರ ನಡುವೆ ಜೇಡರ ಬಲೆಯೊಳಗೆ ನೇತಾಡೋ ಒಂದೇ ಒಂದು 9 ವ್ಯಾಟಿನ ಬಲ್ಬು. ಆ ಶೆಡ್ಡಿನೊಳಗೆ ಏನಿದೆ ಅಂತ ಲೆಕ್ಕ ಹಾಕಿ: ಕಳೆ ಕೊಚ್ಚೋ ಯಂತ್ರ, ಚೈನ್ ಸಾ, ಔಷಧಿ ಹೊಡೆಯೋ ಪಂಪು, ನಾಲ್ಕಿಂಚಿನ ಗ್ರೈಂಡರು, ಡ್ರಿಲ್ಲು, ಕೆಲವರಲ್ಲಿ ವೆಲ್ಡಿಂಗ್ ಸೆಟ್ಟು, ಅಡಿಕೆ ಸುಲಿಯೋ ಯಂತ್ರ. ಲಕ್ಷಗಟ್ಟಲೆ ರೂಪಾಯಿಯ ಸಾಮಾನು. ಬೆರಳು ತುಂಡು ಮಾಡೋ ಶಕ್ತಿ ಇರೋ ಸಾಮಾನೆಲ್ಲ ಒಂದೇ ಕಡೆ, ಮನೆಯಲ್ಲೇ ಅತಿ ಕಡಿಮೆ ಬೆಳಕಿರೋ ಜಾಗದಲ್ಲಿ.

ಇದನ್ನು ಉಳಿತಾಯ ಅಂತ ಕರೀತಾರೆ. ನಾನು ಕರೆಯಲ್ಲ.

ಒಂದು ಬಲ್ಬಿನ ಬುದ್ಧಿ ಎಲ್ಲಿಂದ ಬಂತು

ನಮ್ಮ ಅಪ್ಪಂದಿರ ಕಾಲಕ್ಕೆ ಇದು ಅರ್ಥ ಆಗುವ ಮಾತೇ. ಹಳ್ಳಿಗೆ ಕರೆಂಟು ಬಂದಿದ್ದೇ ತಡವಾಗಿ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಮಲೆನಾಡಿನ ಒಂಟಿ ಮನೆಗಳಿಗೆ ಅದು ತಲುಪೋಕೆ ಎಷ್ಟೋ ದಶಕ ಹಿಡೀತು. ಭಾಗ್ಯಜ್ಯೋತಿ ಬಂದಾಗ ಬಡವರ ಮನೆಗೆ ಸಿಕ್ಕಿದ್ದು ಒಂದು ಬಲ್ಬು. ಆ ಒಂದು ಬಲ್ಬು ಅಡುಗೆ ಮನೆಗೋ ಜಗಲಿಗೋ ಅನ್ನೋದೇ ದೊಡ್ಡ ತೀರ್ಮಾನ ಆಗಿತ್ತು. ಶೆಡ್ಡಿಗೆ ನಲವತ್ತು ಕ್ಯಾಂಡಲ್ ಬಲ್ಬು ಹಾಕಿದೋನು ಅನುಕೂಲಸ್ಥ.

ಆಗ ಶೆಡ್ಡಿನಲ್ಲಿ ಏನಿತ್ತು? ಹಾರೆ, ಗುದ್ದಲಿ, ಕತ್ತಿ, ಗಟಾರ್ ಪಂಪು, ಹಗ್ಗ. ಮಂದ ಬೆಳಕಲ್ಲಿ ಗುದ್ದಲಿ ಹುಡುಕಿಕೊಂಡು ಹೋಗೋಕೆ ಆ ಬಲ್ಬು ಸಾಕಿತ್ತು. ಆಮೇಲೆ ಇಪ್ಪತ್ತು ವರ್ಷದಲ್ಲಿ ಆಳುಗಳು ಸಿಗೋದು ಕಡಿಮೆ ಆಯ್ತು, ಒಂದೊಂದಾಗಿ ಯಂತ್ರ ಒಳಗೆ ಬಂತು. ಉಗ್ರಾಣವಾಗಿದ್ದ ಶೆಡ್ಡು ವರ್ಕ್‌ಶಾಪ್ ಆಯ್ತು. ಬಲ್ಬು ಮಾತ್ರ ಬಲ್ಬಾಗೇ ಉಳೀತು. 2015ರಲ್ಲಿ ಉಜಾಲಾ ಯೋಜನೆ ಬಂದು, ನಮ್ಮ ರಾಜ್ಯದಲ್ಲಿ ಹೊಸ ಬೆಳಕು ಅನ್ನೋ ಹೆಸರಲ್ಲಿ 9 ವ್ಯಾಟಿನ ಎಲ್‌ಇಡಿ ಅಗ್ಗಕ್ಕೆ ಕೊಟ್ಟಾಗಲೂ ನಾವು ಮಾಡಿದ್ದು ಇಷ್ಟೇ: ಹಳೇ ಬಲ್ಬು ಬಿಚ್ಚಿದೆವು, ಅದೇ ಹೋಲ್ಡರಿಗೆ ಹೊಸದು ಸಿಕ್ಕಿಸಿದೆವು. ಕರೆಂಟು ಉಳೀತು, ಒಳ್ಳೇದೇ ಆಯ್ತು. ಉಳಿದ ಕರೆಂಟಲ್ಲಿ ಇನ್ನು ಮೂರು ದೀಪ ಹಾಕಬಹುದು ಅಂತ ಯಾರೂ ಯೋಚನೆ ಮಾಡಲಿಲ್ಲ.

ಲೆಕ್ಕ ಮಾಡೋಣ ಬನ್ನಿ

ಅಂಗಡಿಯವರು ವ್ಯಾಟು ಹೇಳಿ ಮಾರ್ತಾರೆ. ವ್ಯಾಟು ಅಂದರೆ ದೀಪ ತಿನ್ನೋ ಕರೆಂಟು. ಕೊಡೋ ಬೆಳಕನ್ನು ಅಳೆಯೋದು ಲ್ಯೂಮೆನ್ನಲ್ಲಿ. ಡಬ್ಬದ ಮೇಲೆ ಸಣ್ಣಕ್ಷರದಲ್ಲಿ ಬರೆದಿರ್ತಾರೆ, ಓದಿ. 9 ವ್ಯಾಟಿನ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತೆ. ನಾಲ್ಕಡಿ ಉದ್ದದ 20 ವ್ಯಾಟಿನ ಎಲ್‌ಇಡಿ ಟ್ಯೂಬು ಸುಮಾರು 2000. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್.

12 ಅಡಿ ಅಗಲ, 20 ಅಡಿ ಉದ್ದದ ಶೆಡ್ಡು ಅಂತ ಇಟ್ಟುಕೊಳ್ಳಿ. 240 ಚದರಡಿ, ಅಂದರೆ 22 ಚದರ ಮೀಟರಿಗೆ ಸ್ವಲ್ಪ ಹೆಚ್ಚು. 900 ಲ್ಯೂಮೆನ್ನನ್ನು ಹಂಚಿದರೆ 40 ಲಕ್ಸ್. ಅದರಲ್ಲಿ ಅರ್ಧ ತುಕ್ಕು ಹಿಡಿದ ತಗಡು, ಹೊಗೆ ಹಿಡಿದ ಗೋಡೆ ನುಂಗುತ್ತೆ. ಉಳಿದಿದ್ದು 20. ಮುಖ್ಯರಸ್ತೆಯ ಬೀದಿದೀಪದ ಕೆಳಗೆ ಇರೋದೂ ಹೆಚ್ಚುಕಡಿಮೆ ಇಷ್ಟೇ. ಕಾರ್ಖಾನೆಗಳಲ್ಲಿ ಒರಟು ಬೆಂಚ್ ಕೆಲಸಕ್ಕೆ 300 ಲಕ್ಸ್, ಸೂಕ್ಷ್ಮ ಕೆಲಸಕ್ಕೆ 500 ಅಥವಾ ಅದಕ್ಕಿಂತ ಹೆಚ್ಚು ಬೇಕು ಅಂತ ಲೆಕ್ಕ. ನಾವು 20 ಲಕ್ಸಿನಲ್ಲಿ ಕೂತು ಕಾರ್ಬುರೇಟರ್ ಜೆಟ್ ಕ್ಲೀನ್ ಮಾಡ್ತೀವಿ, ಸ್ಪಾರ್ಕ್ ಪ್ಲಗ್ಗಿನ ಗ್ಯಾಪ್ ನೋಡ್ತೀವಿ. ಗ್ಯಾಪು ಎಷ್ಟು? ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಬೀದಿದೀಪದ ಕೆಳಗೆ ಕೂತು ಸೂಜಿಗೆ ದಾರ ಪೋಣಿಸೋ ಕೆಲಸ ಇದು.

ಇನ್ನೊಂದು ಸಂಗತಿ. ಅರವತ್ತು ವರ್ಷದವರ ಕಣ್ಣಿನ ಒಳಪರದೆಗೆ ತಲುಪೋ ಬೆಳಕು ಇಪ್ಪತ್ತರ ಹುಡುಗನ ಕಣ್ಣಿಗೆ ತಲುಪೋದರ ಸುಮಾರು ಮೂರನೇ ಒಂದು ಭಾಗ. ಪಾಪೆ ಕಿರಿದಾಗುತ್ತೆ, ಮಸೂರ ಹಳದಿಯಾಗುತ್ತೆ. ಇವತ್ತು ನಮ್ಮ ಊರುಗಳಲ್ಲಿ ರಿಪೇರಿ ಶೆಡ್ಡಿನಲ್ಲಿ ಕೆಲಸ ಮಾಡೋರು ಯಾರು? ಹುಡುಗರು ಬೆಂಗಳೂರಲ್ಲಿದ್ದಾರೆ. ಸ್ಪ್ಯಾನರ್ ಹಿಡಿದಿರೋದು ಐವತ್ತೈದು, ಅರವತ್ತು ದಾಟಿದ ಕೈಗಳು. ಆ 20 ಲಕ್ಸ್ ಅವರ ಪಾಲಿಗೆ ಏಳೆಂಟು ಲಕ್ಸ್ ಇದ್ದ ಹಾಗೆ. "ಕನ್ನಡಕದ ನಂಬರ್ ಹೆಚ್ಚಾಗಿದೆ" ಅಂತ ಪೇಟೆಗೆ ಓಡೋ ಮೊದಲು ತಲೆ ಮೇಲೆ ಏನು ನೇತಾಡ್ತಿದೆ ಅಂತ ಒಮ್ಮೆ ನೋಡಿ ಮಾರಾಯ್ರೇ.

ನಾಲ್ಕು ನೆಪ

ಮೊದಲನೇದು: "ಬಿಲ್ಲು ಜಾಸ್ತಿ ಬರುತ್ತೆ." ಬರಲಿ, ಎಷ್ಟು ಅಂತ ನೋಡೋಣ. ನಾಲ್ಕು ಟ್ಯೂಬು, ಒಟ್ಟು 80 ವ್ಯಾಟು. ದಿನಕ್ಕೆ ಮೂರು ಗಂಟೆ ಉರಿಸಿದರೆ ಕಾಲು ಯೂನಿಟ್ಟಿಗೂ ಕಡಿಮೆ. ತಿಂಗಳಿಗೆ ಏಳು ಯೂನಿಟ್ಟು ಚಿಲ್ಲರೆ. ಈಗ ಗೇಟಿನ ಫ್ಲಡ್‌ಲೈಟಿನ ಲೆಕ್ಕ: 50 ವ್ಯಾಟು, 12 ಗಂಟೆ, ತಿಂಗಳಿಗೆ 18 ಯೂನಿಟ್ಟು. ಯಾರೂ ಬಾರದ ರಸ್ತೆಗೆ ರಾತ್ರಿಯಿಡೀ ಬೆಳಕು ಸುರಿಯೋಕೆ 18 ಯೂನಿಟ್ಟು ಕೊಡೋ ಮನುಷ್ಯ, ತನ್ನ ಬೆರಳಿಗೆ ಏಳು ಯೂನಿಟ್ಟು ಕೊಡೋಕೆ ಗೃಹಜ್ಯೋತಿ ಮಿತಿಯ ಮಾತಾಡ್ತಾನೆ. ಗೇಟಿನ ದೀಪಕ್ಕೆ ಒಂದು ಸ್ವಿಚ್ಚು ಇದೆ ಸ್ವಾಮೀ. ಮಲಗೋ ಮೊದಲು ಆರಿಸಿ. ಶೆಡ್ಡಿನ ದೀಪ ಅದರಲ್ಲೇ ಪುಕ್ಕಟೆ ಬರುತ್ತೆ.

ಎರಡನೇದು: "ಕೈಗೇ ಗೊತ್ತಿದೆ, ಕಣ್ಣು ಮುಚ್ಚಿ ಮಾಡ್ತೀನಿ." ನಟ್ಟು ಬೋಲ್ಟಿಗೆ ಸರಿ. ಆದರೆ ಗ್ರೈಂಡರಿನ ಡಿಸ್ಕಿನಲ್ಲಿ ಬಿದ್ದ ಬಿರುಕು ಕೈಗೆ ಗೊತ್ತಾಗಲ್ಲ. ಡಿಸ್ಕಿನ ನಡುವಿನ ತಗಡಿನ ಉಂಗುರದ ಮೇಲೆ ಅವಧಿ ಮುಗಿಯೋ ದಿನ ಒತ್ತಿರ್ತಾರೆ, ಅದು ಕೈಗೆ ಓದೋಕೆ ಬರಲ್ಲ. ನಾಲ್ಕಿಂಚಿನ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು. ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡ್ತಿರುತ್ತೆ. ಬಿರುಕು ಬಿಟ್ಟ ಡಿಸ್ಕು ಒಡೆದರೆ ಚೂರು ಬರೋದು ಆ ವೇಗದಲ್ಲಿ, ಮುಖದ ಮಟ್ಟಕ್ಕೆ. ಕಣ್ಣು ಮುಚ್ಚಿ ಮಾಡೋ ಕೆಲಸ ಅಲ್ಲ ಇದು.

ಮೂರನೇದು: "ಮೊಬೈಲಿನ ಟಾರ್ಚ್ ಇದೆಯಲ್ಲ." ಇದೆ. ಅದನ್ನು ಹಿಡಿಯೋಕೆ ಒಂದು ಕೈ ಬೇಕು. ಎರಡು ಕೈಯಲ್ಲಿ ಹಿಡಿಯಬೇಕಾದ ಯಂತ್ರವನ್ನು ಒಂದು ಕೈಯಲ್ಲಿ ಹಿಡಿಯೋದು, ಇಲ್ಲಾ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಳ್ಳೋದು, ಇಲ್ಲಾ ಮನೆಯ ಮಗುವನ್ನು ಕರೆದು "ಹಿಡ್ಕೋ" ಅನ್ನೋದು. ಕಿಡಿ ಹಾರೋ ಜಾಗದಿಂದ ಎರಡಡಿ ದೂರದಲ್ಲಿ ಮಗು ನಿಂತಿರುತ್ತೆ. ನಾನಿದನ್ನು ಒಂದೆರಡು ಮನೆಯಲ್ಲಲ್ಲ, ಬೇಕಾದಷ್ಟು ಮನೆಗಳಲ್ಲಿ ನೋಡಿದ್ದೇನೆ.

ನಾಲ್ಕನೇದು: "ರಾತ್ರಿ ಯಾಕೆ ಮಾಡ್ಬೇಕು, ಹಗಲು ಮಾಡಿ." ಇದನ್ನು ಹೇಳೋರು ಮಲೆನಾಡಿನ ಜುಲೈ ತಿಂಗಳು ನೋಡಿಲ್ಲ. ಮಧ್ಯಾಹ್ನ ಎರಡಕ್ಕೆ ದೀಪ ಹಾಕಬೇಕು. ಮಳೆ ಬಿಟ್ಟ ಎರಡು ಗಂಟೆಯಲ್ಲಿ ಔಷಧಿ ಹೊಡೀಬೇಕು, ಪಂಪು ಕೈಕೊಟ್ಟರೆ ಆವತ್ತೇ ಸರಿ ಮಾಡಬೇಕು. ಹಗಲು ತೋಟದಲ್ಲಿರೋನು ರಿಪೇರಿ ಮಾಡೋದು ಸಂಜೆ ಆರರ ಮೇಲೇ. ಸಾಧ್ಯವಿದ್ದರೆ ಹಗಲೇ ಮಾಡ್ತಿದ್ದೆವು.

ತಿರುಗೋದು ನಿಂತ ಹಾಗೆ ಕಾಣುತ್ತೆ

ಈಗ ಒಂದು ಮುಖ್ಯ ವಿಷಯಕ್ಕೆ ಬರ್ತೀನಿ. ಇದನ್ನು ತಿಳಿಯದೆ ಹೆಚ್ಚು ದೀಪ ಹಾಕಿದರೂ ಅಪಾಯವೇ.

ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತೆ. ಹಾಗಾಗಿ ಕಳಪೆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಗೊತ್ತಾಗಲ್ಲ. ಹಳೇ ತಂತಿ ಬಲ್ಬಿನಲ್ಲಿ ಈ ತೊಂದರೆ ಇರಲಿಲ್ಲ ಅನ್ನಬಹುದು, ಬಿಸಿಯಾದ ತಂತಿ ಅಷ್ಟು ಬೇಗ ತಣಿಯಲ್ಲ. ಚೋಕ್ ಹಾಕಿದ ಹಳೇ ಟ್ಯೂಬ್‌ಲೈಟಿನಲ್ಲಿ ಇತ್ತು. ಒಳಗೆ ಸರಿಯಾದ ಡ್ರೈವರ್ ಇಲ್ಲದ ಅಗ್ಗದ ಎಲ್‌ಇಡಿಯಲ್ಲಿ ಇನ್ನೂ ಜೋರಾಗಿದೆ, ಯಾಕೆಂದರೆ ಎಲ್‌ಇಡಿ ಹತ್ತೋದೂ ಆರೋದೂ ಕ್ಷಣಾರ್ಧದಲ್ಲಿ.

ಈಗ ಸಾಮಾನ್ಯ 1440 ಸುತ್ತಿನ ಮೋಟಾರು ತಗೊಳ್ಳಿ. ಸೆಕೆಂಡಿಗೆ 24 ಸುತ್ತು. ಅದಕ್ಕೆ ನಾಲ್ಕು ಕಡ್ಡಿಯ ಪುಲ್ಲಿ ಇದೆ. ಒಂದು ಮಿನುಗಿನಿಂದ ಇನ್ನೊಂದು ಮಿನುಗಿಗೆ ಪುಲ್ಲಿ ಹೆಚ್ಚುಕಡಿಮೆ ಕಾಲು ಸುತ್ತು ತಿರುಗಿರುತ್ತೆ, ಮೂರೂವರೆ ಡಿಗ್ರಿಯಷ್ಟು ಮಾತ್ರ ಕಡಿಮೆ. ಮೊದಲಿನ ಕಡ್ಡಿ ಇದ್ದಲ್ಲಿಗೆ ಇನ್ನೊಂದು ಕಡ್ಡಿ ಬಂದಿರುತ್ತೆ. ಕಣ್ಣಿಗೆ ಕಾಣೋದು ಏನು? ಪುಲ್ಲಿ ಸೆಕೆಂಡಿಗೆ ಒಂದು ಸುತ್ತಿನ ಹಾಗೆ, ಮೆಲ್ಲಗೆ, ಅದೂ ಹಿಂದಕ್ಕೆ ತಿರುಗ್ತಿದೆ ಅಂತ. ಕರೆಂಟು ಹೋಗಿ ಮೋಟಾರು ನಿಲ್ತಾ ಇದೆ ಅಂದುಕೊಂಡು ಬೆಲ್ಟಿಗೆ ಸಿಕ್ಕಿದ ಸಿಪ್ಪೆ ಎಳೆಯೋಕೆ ಕೈ ಹಾಕಿದರೆ ಮುಗೀತು. ಗದ್ದಲದಲ್ಲಿ, ಎರಡು ಯಂತ್ರ ಒಟ್ಟಿಗೆ ಓಡ್ತಿರುವಾಗ, ಯಾವುದು ನಿಂತಿದೆ ಅಂತ ಕಿವಿ ಹೇಳಲ್ಲ, ಕಣ್ಣೇ ಹೇಳಬೇಕು. ಆ ಕಣ್ಣಿಗೆ ದೀಪ ಸುಳ್ಳು ಹೇಳ್ತಿದೆ.

ಕಾರ್ಖಾನೆಯವರಿಗೆ ಇದು ಹಳೇ ಪಾಠ. ಅವರು ದೀಪಗಳನ್ನು ಮೂರು ಫೇಸಿಗೆ ಹಂಚಿ ಹಾಕ್ತಿದ್ದರು, ಒಂದು ಮಂಕಾದಾಗ ಇನ್ನೊಂದು ಬೆಳಗಿರುತ್ತೆ. ನಮ್ಮ ಶೆಡ್ಡಿಗೆ ಬರೋದು ಸಿಂಗಲ್ ಫೇಸು. ಹಾಗಾಗಿ ದೀಪವನ್ನೇ ಪರೀಕ್ಷೆ ಮಾಡಿ ತರಬೇಕು. ಪರೀಕ್ಷೆ ಸುಲಭ. ಅಂಗಡಿಯಲ್ಲಿ ದೀಪ ಹತ್ತಿಸಿ, ಅದರ ಬೆಳಕಲ್ಲಿ ಒಂದು ಪೆನ್ನು ಹಿಡಿದು ಬೀಸಣಿಗೆ ಹಾಗೆ ಬೇಗ ಬೇಗ ಅಲ್ಲಾಡಿಸಿ. ಪೆನ್ನು ಮಬ್ಬಾಗಿ ಹರಡಿದ ಹಾಗೆ ಕಂಡರೆ ಅಡ್ಡಿಯಿಲ್ಲ. ಐದಾರು ಪೆನ್ನು ಬಿಡಿ ಬಿಡಿಯಾಗಿ ಕಂಡರೆ ಆ ದೀಪ ಅಲ್ಲೇ ಬಿಟ್ಟು ಬನ್ನಿ. ಮೊಬೈಲ್ ಕ್ಯಾಮೆರಾ ಹಿಡಿದಾಗ ದಪ್ಪ ಕಪ್ಪು ಪಟ್ಟೆ ಓಡಿದರೂ ಅದೇ ಅರ್ಥ. ಅಂಗಡಿಯವನು "ಎಲ್ಲರೂ ತಗೊಂಡು ಹೋಗ್ತಾರೆ ಭಟ್ರೇ, ಗೌಡ್ರೇ, ಯಾರೂ ಕಂಪ್ಲೇಂಟ್ ಹೇಳಿಲ್ಲ" ಅಂತಾನೆ. ಹೇಳಲಿ. ಡಬ್ಬದ ಮೇಲೆ ಬಿಐಎಸ್ ಗುರುತು, ಅದರ ಆರ್ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇಲ್ಲದ ದೀಪವನ್ನು ನೂರು ರೂಪಾಯಿ ಕಡಿಮೆ ಅಂತ ತರಬೇಡಿ.

ಯಂತ್ರ ಟ್ರಿಪ್ ಆದರೆ ದೀಪ ಯಾಕೆ ಹೋಗಬೇಕು?

ಇದಂತೂ ನನಗೆ ಸಿಟ್ಟು ಬರಿಸೋ ವಿಷಯ. ನಮ್ಮ ಹೆಚ್ಚಿನ ಶೆಡ್ಡುಗಳಲ್ಲಿ ಮನೆಯಿಂದ ಒಂದು ವೈರು ಎಳೆದಿರ್ತಾರೆ. ಅದೇ ವೈರಿಗೆ ದೀಪ, ಅದಕ್ಕೇ ಗ್ರೈಂಡರು, ಅದಕ್ಕೇ ವೆಲ್ಡಿಂಗು. ಗ್ರೈಂಡರು ಸಿಕ್ಕಿಹಾಕಿಕೊಂಡು ಎಂಸಿಬಿ ಬಿದ್ದರೆ ದೀಪವೂ ಹೋಯ್ತು. ಡಿಸ್ಕು ಮಾತ್ರ ನಿಂತಿಲ್ಲ, ಇನ್ನೂ ಕೆಲವು ಸೆಕೆಂಡು ತಿರುಗ್ತಾನೇ ಇದೆ. ಯಂತ್ರ ಅತಿ ಅಪಾಯದಲ್ಲಿರೋ ಆ ಗಳಿಗೆಯಲ್ಲೇ ಕತ್ತಲೆ. ಕೈಯಲ್ಲಿ ತಿರುಗೋ ಡಿಸ್ಕು, ಕಾಲ ಕೆಳಗೆ ವೈರು.

ಪರಿಹಾರ ಏನು? ದೀಪಕ್ಕೆ ಬೇರೆ ವೈರು, ಬೇರೆ 6 ಆಂಪಿನ ಎಂಸಿಬಿ. ಯಂತ್ರದ ಪ್ಲಗ್ಗುಗಳಿಗೆ 2.5 ಚದರ ಮಿಲಿಮೀಟರಿನ ವೈರು, ಅದಕ್ಕೆ ಬೇರೆ ಎಂಸಿಬಿ, ಅದರ ಮುಂದೆ 30 ಮಿಲಿಆಂಪಿನ ಆರ್‌ಸಿಸಿಬಿ. ಒದ್ದೆ ನೆಲ, ಬರಿಗಾಲು, ಇಲಿ ಕಡಿದ ವೈರು ಮೂರೂ ಒಟ್ಟಿಗಿರೋ ನಮ್ಮಂಥ ಜಾಗದಲ್ಲಿ ಜೀವ ಉಳಿಸೋದು ಅದೇ. ಜೊತೆಗೆ ಒಂದು ಬ್ಯಾಟರಿ ಇರೋ ಬಲ್ಬು ಬಾಗಿಲ ಹತ್ತಿರ. ಕಂಬದಲ್ಲೇ ಕರೆಂಟು ಹೋದರೂ ಅದು ಉರೀತಾ ಇರುತ್ತೆ, ಯಂತ್ರ ಕೆಳಗಿಟ್ಟು ಹೊರಗೆ ಬರೋಕೆ ಅಷ್ಟು ಸಾಕು. ವೈರನ್ನು ಪೈಪಿನೊಳಗೆ ಹಾಕಿಸಿ. ಅರ್ತಿಂಗ್ ಸರಿ ಇದೆಯಾ ಅಂತ ವೈರ್‌ಮನ್ ಕೈಯಲ್ಲಿ ಪರೀಕ್ಷೆ ಮಾಡಿಸಿ. "ನೋಡಿದ್ದೇನೆ, ಸರಿ ಇದೆ" ಅಂದರೆ ಬಿಡಬೇಡಿ, ನಿಮ್ಮೆದುರು ಅಳೆಯಲಿ.

ಎಲ್ಲಿ ಹಾಕೋದು

ಒಬ್ಬ ಗೆಳೆಯರು ನನ್ನ ಮಾತು ಕೇಳಿ ಗೇಟಿನ ಫ್ಲಡ್‌ಲೈಟನ್ನೇ ತಂದು ಶೆಡ್ಡಿನ ಮೂಲೆಗೆ ಹೊಡೆದರು. ಬೆಳಕೇನೋ ಬಂತು. ಆ ಕಡೆ ತಿರುಗಿದರೆ ಕಣ್ಣು ಕುಕ್ಕುತ್ತೆ, ಈ ಕಡೆ ತಿರುಗಿದರೆ ತನ್ನದೇ ನೆರಳು ಕೆಲಸದ ಮೇಲೆ. ಒಂದೇ ಕಡೆಯಿಂದ ಬರೋ ಜೋರು ಬೆಳಕು ನೆರಳನ್ನೂ ಜೋರಾಗಿಸುತ್ತೆ. ಫ್ಲಡ್‌ಲೈಟು ಅಂಗಳಕ್ಕೆ ಸರಿ, ಬೆಂಚಿಗೆ ಅಲ್ಲ.

ಬೆಳಕು ಹಲವು ಕಡೆಯಿಂದ ಬರಬೇಕು. ಉದ್ದದ ಟ್ಯೂಬು ಇದಕ್ಕೇ ಒಳ್ಳೇದು, ಅದರ ನೆರಳು ಮೆತ್ತಗಿರುತ್ತೆ. ಎರಡು ಟ್ಯೂಬು ಬೆಂಚಿಗೆ ಸಮಾನಾಂತರವಾಗಿ, ಬೆಂಚಿನ ಮುಂದಿನ ಅಂಚಿನ ನೇರಕ್ಕೆ, ನಿಂತವರ ತಲೆಯ ಹಿಂದೆ ಬಾರದ ಹಾಗೆ. ಬೆಂಚಿನಿಂದ ನಾಲ್ಕೈದು ಅಡಿ ಎತ್ತರ ಸಾಕು. ದೀಪ ಎತ್ತರಕ್ಕೆ ಹೋದಷ್ಟೂ ಬೆಂಚಿಗೆ ಬೀಳೋ ಬೆಳಕು ಬೇಗ ಬೇಗ ಕಡಿಮೆಯಾಗುತ್ತೆ. ಇನ್ನೆರಡು ಟ್ಯೂಬು ಶೆಡ್ಡಿನ ಉಳಿದ ಭಾಗಕ್ಕೆ. ವೈಸಿನ ಹತ್ತಿರ, ಡ್ರಿಲ್ಲಿನ ಹತ್ತಿರ ಬಾಗಿಸೋಕೆ ಬರೋ ಒಂದು ಟೇಬಲ್ ದೀಪ. ಸಿಪ್ಪೆ ಧೂಳು, ಮರದ ಹೊಟ್ಟು ಹಾರೋ ಕಡೆ ಮುಚ್ಚಿದ ಐಪಿ 65 ಟ್ಯೂಬು ತಂದರೆ ಒರೆಸೋಕೂ ಸುಲಭ.

ಇದಕ್ಕಿಂತ ಮೊದಲು ಮಾಡಬೇಕಾದ ಎರಡು ಕೆಲಸ ಇವೆ, ಎರಡೂ ಕರೆಂಟು ಕೇಳಲ್ಲ. ಒಂದು, ಗೋಡೆಗೆ ಸುಣ್ಣ ಹೊಡೀರಿ. ಬಿಳಿ ಗೋಡೆ ಬಿದ್ದ ಬೆಳಕಿನ ಮುಕ್ಕಾಲು ಪಾಲಿಗೂ ಹೆಚ್ಚು ವಾಪಸ್ ಕೊಡುತ್ತೆ, ಮಸಿ ಹಿಡಿದ ಗೋಡೆ ಹೆಚ್ಚಿನದನ್ನು ನುಂಗುತ್ತೆ. ಬೋರ್ಡೋಗೆ ತಂದ ಸುಣ್ಣದಲ್ಲಿ ಉಳಿದದ್ದೇ ಸಾಕಾಗುತ್ತೆ. ಎರಡು, ಮಾಡಿಗೆ ಒಂದೋ ಎರಡೋ ಪಾರದರ್ಶಕ ಶೀಟು ಹಾಕಿಸಿ, ಮಾಡಿನ ಹತ್ತನೇ ಒಂದು ಭಾಗದಷ್ಟು. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತೆ, ಅದರಲ್ಲಿ ಸ್ವಲ್ಪ ಒಳಗೆ ಬಂದರೂ ನಿಮ್ಮ ಬಲ್ಬಿಗಿಂತ ಹೆಚ್ಚು. ವರ್ಷಕ್ಕೊಮ್ಮೆ ಪಾಚಿ ತಿಕ್ಕಿ ತೊಳೀರಿ, ಇಲ್ಲದಿದ್ದರೆ ನಮ್ಮ ಮಳೆಗೆ ಅದು ಮೂರು ವರ್ಷದಲ್ಲಿ ಹಸಿರು ತಗಡಾಗುತ್ತೆ.

ಬಣ್ಣದ ವಿಷಯವನ್ನೂ ಹೇಳಿಬಿಡ್ತೀನಿ. ಡಬ್ಬದ ಮೇಲೆ ಸಿಆರ್‌ಐ ಅಂತ ಇರುತ್ತೆ, ಬಣ್ಣ ಎಷ್ಟು ಸರಿಯಾಗಿ ಕಾಣುತ್ತೆ ಅನ್ನೋ ಅಳತೆ. 80ಕ್ಕಿಂತ ಕಡಿಮೆ ಬೇಡ, ಬೆಂಚಿನ ದೀಪಕ್ಕೆ 90 ಸಿಕ್ಕರೆ ಒಳ್ಳೇದು. ಕಳಪೆ ಎಲ್‌ಇಡಿ ಬೆಳಕಲ್ಲಿ ಕೆಂಪು ಸತ್ತಿರುತ್ತೆ. ಬೋರ್ಡೋ ದ್ರಾವಣಕ್ಕೆ ಕತ್ತಿ ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದೆಯಾ ಅಂತ ನೋಡೋದು ನಮ್ಮ ಹಳೇ ಪರೀಕ್ಷೆ. ಕೂತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಗೊನೆ, ಸೋಗೆ ಸುಡುತ್ತೆ. ಮಳೆಗಾಲದ ಬೆಳಗಿನ ಜಾವ, ಶೆಡ್ಡಿನೊಳಗೆ, ಮಂಕು ನೀಲಿ ಬೆಳಕಲ್ಲಿ ಆ ಕೆಂಪು ಕಾಣದೆ ಹೋದರೆ? ಇನ್ನೊಂದು: ಪೆಟ್ರೋಲಿಗೆ ಟೂ-ಟಿ ಆಯಿಲ್ ಬೆರೆಸಿದ್ದು ಯಾವ ಕ್ಯಾನು, ಬೆರೆಸದ್ದು ಯಾವುದು ಅಂತ ಗೊತ್ತಾಗೋದು ಬಣ್ಣದಿಂದ. ತಪ್ಪು ಕ್ಯಾನು ಸುರಿದರೆ ಕಳೆ ಯಂತ್ರದ ಪಿಸ್ಟನ್ ಜಾಮ್. ಆ ಒಂದು ರಿಪೇರಿಯ ದುಡ್ಡಲ್ಲಿ ಶೆಡ್ಡಿಗೆಲ್ಲ ದೀಪ ಹಾಕಿಸಬಹುದು.

ಯಾರ ಕೆಲಸಕ್ಕೆ ಬೆಳಕು

ಇಷ್ಟೆಲ್ಲ ಲೆಕ್ಕ ಹೇಳಿದ್ದು ಈ ಮಾತಿಗೆ ಬರೋಕೆ. ಶೆಡ್ಡಿನಲ್ಲಿ ಕತ್ತಲೆ ಇರೋದು ದುಡ್ಡಿಲ್ಲದೆ ಅಲ್ಲ. ಅಲ್ಲಿ ಕೂತು ಕೆಲಸ ಮಾಡೋರು ಯಾರು ಅನ್ನೋದರಿಂದ.

ಸುಗ್ಗಿಯಲ್ಲಿ ಅದೇ ಶೆಡ್ಡು ಅಡಿಕೆ ಸುಲಿಯೋ ಮನೆ ಆಗುತ್ತೆ. ಹತ್ತು ಹನ್ನೆರಡು ಹೆಂಗಸರು ಮೆಟ್ಟುಕತ್ತಿ ಮುಂದೆ ಇಟ್ಟುಕೊಂಡು ರಾತ್ರಿ ಹತ್ತರ ತನಕ ಸುಲೀತಾರೆ. ಬಲ್ಬು ಅದೇ ಒಂದು. ಅದರ ಕೆಳಗೆ ಕೂತವರಿಗೆ ಬೆಳಕು, ಗೋಡೆ ಪಕ್ಕ ಕೂತವರಿಗೆ ಮುಂದೆ ಕೂತವರ ನೆರಳು. ಕೂಲಿ ಡಬ್ಬದ ಲೆಕ್ಕವೋ ಕೆಜಿ ಲೆಕ್ಕವೋ, ಅಂತೂ ಸುಲಿದಷ್ಟಕ್ಕೆ. ಬೆಳಕು ಕಡಿಮೆಯಾದರೆ ಕೈ ನಿಧಾನ, ಕೈ ನಿಧಾನವಾದರೆ ಕೂಲಿ ಕಡಿಮೆ. ಅಂದರೆ ಯಜಮಾನನ ಬಲ್ಬಿನ ಉಳಿತಾಯವನ್ನು ಗೋಡೆ ಪಕ್ಕ ಕೂತ ಹೆಂಗಸು ತನ್ನ ಸಂಬಳದಿಂದ ಕಟ್ತಾ ಇದ್ದಾಳೆ. ಬೆರಳು ಕೊಯ್ದುಕೊಂಡರೆ ಅರಿಶಿನ ಮೆತ್ತಿ ಮತ್ತೆ ಕೂರ್ತಾಳೆ. ಇದನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯಲ್ಲ.

ಅವರ ವಿಷಯಕ್ಕೆ ಮರುಗದವರು ತಮ್ಮ ಜೇಬನ್ನಾದರೂ ನೋಡಿಕೊಳ್ಳಿ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಆರಿಸೋದು ಕಣ್ಣಿನಿಂದಲೇ. ಆ ಕಣ್ಣಿಗೆ ಬೆಳಕು ಕೊಡದೆ ಮಂಡಿಯಲ್ಲಿ ರೇಟು ಬಿತ್ತು ಅಂದರೆ ಏನು ಹೇಳೋದು?

ಕಳೆದ ಸುಗ್ಗಿಯಲ್ಲಿ ನಮ್ಮ ಸೀಮೆಯಲ್ಲಿ ಒಬ್ಬ ಹುಡುಗನ ಎರಡು ಬೆರಳು ಸುಲಿಯೋ ಯಂತ್ರದ ಬೆಲ್ಟಿಗೆ ಹೋಯ್ತು. ಸಂಜೆ ಏಳೂವರೆ. ಆ ಶೆಡ್ಡಿನಲ್ಲಿ ಇದ್ದದ್ದು ಒಂದು ಬಲ್ಬು. ಬೆಳಕಿದ್ದರೆ ಬೆರಳು ಉಳೀತಿತ್ತು ಅಂತ ನಾನು ಆಣೆ ಹಾಕಿ ಹೇಳಲ್ಲ, ಬೆಲ್ಟಿಗೆ ಗಾರ್ಡೂ ಇರಲಿಲ್ಲ. ಆದರೆ ಊರೆಲ್ಲ ಆಡಿದ ಮಾತು ಕೇಳಿ: "ಅವನ ಗ್ರಹಚಾರ." ಗ್ರಹಗಳನ್ನು ಬಯ್ಯೋ ಮೊದಲು ಮಾಡಿನ ಕಡೆ ನೋಡಬೇಕಿತ್ತು. ಯಾರೂ ನೋಡಲಿಲ್ಲ. ಈ ವರ್ಷವೂ ಅಲ್ಲಿ ಅದೇ ಬಲ್ಬು ಉರೀತಿದೆ.

ಸರ್ಕಾರದ ಮೇಲೂ ಒಂದು ಮಾತು. ಯಂತ್ರ ಕೊಳ್ಳೋಕೆ ಸಹಾಯಧನ ಕೊಡ್ತೀರಿ, ಒಳ್ಳೇದು. ಮೇಳ ಮಾಡ್ತೀರಿ, ಟ್ರ್ಯಾಕ್ಟರಿಗೆ ಹೂವಿನ ಹಾರ ಹಾಕಿ ಫೋಟೋ ತೆಗೀತೀರಿ. ಆ ಯಂತ್ರ ಎಂಥ ಜಾಗದಲ್ಲಿ ಓಡುತ್ತೆ, ಬೆಳಕು ಎಷ್ಟು, ಅರ್ತಿಂಗ್ ಇದೆಯಾ, ಬೆಲ್ಟಿಗೆ ಗಾರ್ಡ್ ಇದೆಯಾ ಅಂತ ಒಂದು ಸಾಲಾದರೂ ಯಾಕೆ ಕೇಳಲ್ಲ? ಕಾರ್ಖಾನೆಗೆ ಕಾನೂನಿದೆ, ಅಲ್ಲಿಗೆ ಇನ್ಸ್‌ಪೆಕ್ಟರ್ ಹೋಗ್ತಾರೆ. ಮನೆಯ ಶೆಡ್ಡಿಗೆ ಯಾರೂ ಬರಲ್ಲ, ಬರೋದೂ ಬೇಡ. ಹಾಗಾದರೆ ಅಲ್ಲಿ ಇನ್ಸ್‌ಪೆಕ್ಟರ್ ನಾವೇ ಆಗಬೇಕು. ಕಡೇ ಪಕ್ಷ ತರಬೇತಿಗೆ ಕರೆದಾಗ ಒಂದು ಗಂಟೆ ಈ ವಿಷಯಕ್ಕೂ ಇಡಿ.

ಖರ್ಚಿನ ಪಟ್ಟಿ ಬೇಕಾದವರಿಗೆ: ನಮ್ಮ ಪೇಟೆಯ ರೇಟಿನಲ್ಲಿ 20 ವ್ಯಾಟಿನ ಟ್ಯೂಬು ಒಂದಕ್ಕೆ ಇನ್ನೂರೈವತ್ತು ಮುನ್ನೂರು. ನಾಲ್ಕಕ್ಕೆ ಸಾವಿರದಿಂದ ಸಾವಿರದ ಇನ್ನೂರು. ವೈರು, ಪೈಪು, ಎಂಸಿಬಿ, ಆರ್‌ಸಿಸಿಬಿ, ವೈರ್‌ಮನ್ ಕೂಲಿ ಎಲ್ಲ ಸೇರಿ ಐದಾರು ಸಾವಿರ. ಮನೆಯಲ್ಲಿ ಒಂದು ಪೂಜೆ ಮಾಡಿದರೆ ಶಾಮಿಯಾನದ ಸೀರಿಯಲ್ ಸೆಟ್ಟಿಗೆ, ಜನರೇಟರಿಗೆ ಇಷ್ಟು ಹೋಗುತ್ತೆ, ಅದು ಒಂದು ರಾತ್ರಿಗೆ.

ಎಲ್ಲ ಒಟ್ಟಿಗೆ ಆಗದಿದ್ದರೆ ಹೀಗೆ ಮಾಡಿ. ಈ ವಾರ ಸುಣ್ಣ. ಮುಂದಿನ ಸಂತೆಗೆ ಬೆಂಚಿನ ಮೇಲಿನ ಎರಡು ಟ್ಯೂಬು, ಪೆನ್ನು ಅಲ್ಲಾಡಿಸಿ ನೋಡಿ ತಂದದ್ದು. ಮಳೆ ಬಿಟ್ಟ ಮೇಲೆ ಬೇರೆ ವೈರು, ಆರ್‌ಸಿಸಿಬಿ, ಮಾಡಿಗೆ ಶೀಟು. ಸುಲಿಯೋರು ಬರೋ ಹೊತ್ತಿಗೆ ಉಳಿದೆರಡು ಟ್ಯೂಬು. ಹಾಕಿಸಿದ ಮೇಲೆ ಗೋಡೆ ಪಕ್ಕದ ಜಾಗದಲ್ಲಿ ನೀವೇ ಒಂದು ಮೆಟ್ಟುಕತ್ತಿ ಇಟ್ಟುಕೊಂಡು ಅರ್ಧ ಗಂಟೆ ಕೂತು ಸುಲಿದು ನೋಡಿ. ಅಲ್ಲಿ ನಿಮಗೆ ಕಾಣಿಸಿದರೆ ಬೆಳಕು ಸಾಕಾಯ್ತು ಅಂತ ಅರ್ಥ. ಕಾಣಿಸದಿದ್ದರೆ ಇನ್ನೊಂದು ಟ್ಯೂಬು ತನ್ನಿ.